ಜಾಜಿರಾಣಿ ಸಾಬೂನಿನ ವಾಸನೆ

ಬೆಟಗೇರಿ,
ಫೆಬ್ರವರಿ ಮೂವತ್ತು, ೨೧೪೧

ಹಿಂದಿನ ಕಾಲದ ಹಿರಿಯರಿಗೆ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ, ವರ್ಷದ ಕೊನೆಗೆ ಮಿಕ್ಕಿದ ದಿನಗಳು ಯಾರ ಲೆಕ್ಕಕ್ಕೂ ಇಲ್ಲ, ಮಲಗಿ ಎದ್ದುಬಿಡುತ್ತೇವೆ. ನನ್ನ ಮಾತೂ ನಿಮಗೆ ಸೊಟ್ಟಗೆ ಕೇಳೀತು, ಹೊಟ್ಟೆಗೆ ಹಾಕಿಕೊಳ್ಳಿ.

ನಾವು ಸುಖವಾಗಿದ್ದೇವೆ. ನಿಮ್ಮ ಅಂಗಡಿಗಳಲ್ಲಿ ಹೊಳೆಯುವ ಕಾಗದ ಸುತ್ತಿಕೊಂಡು, ಕಂಪನಿಯ ಹೆಸರು ಹೊತ್ತು ಕೂತಿದ್ದವಲ್ಲ, ಸಾಬೂನು, ಚಹಾಪುಡಿ, ಬಿಸ್ಕೀಟು, ಅವನ್ನು ನಾವು ಹೆಸರುಸಾಮಾನು ಅನ್ನುತ್ತೇವೆ. ಈಗ ಒಂದೂ ಇಲ್ಲ. ನಮ್ಮದು ಓಣಿಸಾಬೂನು. ಓಣಿಯ ಕಡಾಯಿಯಲ್ಲಿ ಪಾಳಿಯಂತೆ ಒಂದೊಂದು ಮನೆಯವರು ಕುದಿಸುತ್ತಾರೆ. ಅಚ್ಚಿನಿಂದ ಬಿಡಿಸಿದ ದಿನವೇ ಅದು ಎಲ್ಲರ ಬಚ್ಚಲಿಗೆ ಹೋಗುತ್ತದೆ. ಕೂಡಿಟ್ಟವರನ್ನು ಓಣಿಯೆಲ್ಲ ಆಡಿಕೊಳ್ಳುತ್ತದೆ. ನಮ್ಮ ಪಾಳಿಯಲ್ಲಿ ನನ್ನ ಗಂಡ ಬೇವಿನೆಣ್ಣೆ ಸುರಿದುಬಿಟ್ಟ. ಬಾಯಿಗೆ ಬಂದಂತೆ ಬೈದರು, ಆದರೂ ಅದನ್ನೇ ತಿಕ್ಕಿಕೊಂಡರು.

ನನ್ನ ಅತ್ತೆ ತುಂಗವ್ವನಿಗೆ ತೊಂಬತ್ತೆಂಟು. ಹೆಸರುಸಾಮಾನು ಬಳಸಿದವರಲ್ಲಿ ನಮ್ಮ ಓಣಿಗೆ ಉಳಿದವರು ಅವರೊಬ್ಬರೇ. ಈಗ ಊಟ ಬಿಟ್ಟಿದ್ದಾರೆ. ಇನ್ನು ಹೆಚ್ಚು ದಿನವಿಲ್ಲ ಎಂದರು ಡಾಕ್ಟರು. ಅತ್ತೆಗಿರುವುದು ಒಂದೇ ಆಸೆ: ಚಿಕ್ಕವರಿದ್ದಾಗ ಅವರವ್ವ ಹಚ್ಚಿ ಎರೆಯುತ್ತಿದ್ದ ಜಾಜಿರಾಣಿ ಸಾಬೂನಿನಲ್ಲಿ ಇನ್ನೊಮ್ಮೆ ಮೈ ತೊಳೆದುಕೊಳ್ಳಬೇಕು.

ಗದಗಿನ ವಾಸನಾಲಯಕ್ಕೆ ಓಡಿದೆ. ಹಳೆಯ ಕಾಲದ ವಾಸನೆಗಳನ್ನು ಮತ್ತೆ ಕಟ್ಟುವ ಮನೆ ಅದು. ಜಾಜಿರಾಣಿಗೆ ಸುತ್ತಿದ್ದ ಹೊದಿಕೆ ಕಾಗದ ಸಿಕ್ಕಿತು. ಏನೇನು ಹಾಕಿದ್ದಾರೆಂದು ಓದಿದರೆ ಎಣ್ಣೆ, ಬಣ್ಣ, ಆಮೇಲೆ ಬರೀ ‘ಸುಗಂಧ’. ಯಾವ ಸುಗಂಧ, ನಿಮ್ಮ ತಲೆ! ಕಾಗದಕ್ಕೆ ಅಂಟಿದ್ದ ವಾಸನೆಯನ್ನೇ ಹಿಡಿದು ಅಲ್ಲಿನವರು ಸುಗಂಧದ ಎಣ್ಣೆ ಕಟ್ಟಿಕೊಟ್ಟರು. ಸಾಬೂನು ಮಾಡಿ ಅತ್ತೆಯ ಮೂಗಿಗೆ ಹಿಡಿದೆ. “ಇದಲ್ಲ ಬಿಡು” ಎಂದರು. ಮತ್ತೊಂದು ಮಾಡಿದೆ, ಅದೂ ಅಲ್ಲವಂತೆ. ಸಿಟ್ಟು ಬಂತು, ಅಳುವೂ ಬಂತು. ಈ ಆಸೆ ತೀರದೆಯೇ ಹೋಗಿಬಿಟ್ಟರೆ ಎಂದು ನನಗೂ ಅನ್ನ ಸೇರದಾಯಿತು.

“ಯಾವಾಗ ಮಾಡಿದ್ದ ಇದು?” ಎಂದು ಅತ್ತೆ ಕೇಳಿದರು. ಈಗಷ್ಟೇ ಅಚ್ಚಿನಿಂದ ತೆಗೆದೆ ಎಂದೆ. ಬೊಚ್ಚು ಬಾಯಿ ತುಂಬ ನಕ್ಕರು. “ಅಯ್ಯ ಹುಚ್ಚಿ, ಹೊಸಾ ಸಾಬೂನ ಯಾರರ ಸೀದಾ ಬಚ್ಚಲಕ್ಕ ಒಯ್ತಾರೇನ? ನಮ್ಮವ್ವ ಟ್ರಂಕಿನ್ಯಾಗ ತನ್ನ ಸೀರಿ ನಡುವ ಇಡ್ತಿದ್ಲು. ಹಬ್ಬ ಬಂದಾಗ ತಗೀತಿದ್ಲು.”

ನಮಗೆ ಹೇಗೆ ಹೊಳೆಯಬೇಕು? ಅತ್ತೆಯ ಟ್ರಂಕಿನಲ್ಲಿ ಅವರವ್ವನ ಇಳಕಲ್ ಸೀರೆ ಇನ್ನೂ ಇತ್ತು. ನಾನು ಮೊದಲು ಮಾಡಿದ್ದ ಸಾಬೂನನ್ನೇ ಅದರ ಮಡಿಕೆಯೊಳಗೆ ಇಟ್ಟು, ದೇವರೇ ಇನ್ನಷ್ಟು ದಿನ ಕೊಡು ಎಂದು ಕಾದೆ.

ನಿಮ್ಮ ಮನೆಯ ಸಾಮಾನುಗಳೂ ಒಂದು ದಿನ ಅಂಗಡಿಯಿಂದ ಮಾಯವಾಗುತ್ತವೆ. ನಮಗಾಗಿ ಹೊದಿಕೆಗಳನ್ನು ಜೋಪಾನ ಮಾಡಬೇಡಿ, ಇಲ್ಲಿ ಬೇಕಾದಷ್ಟಿವೆ. ಆ ಸಾಮಾನುಗಳನ್ನು ಎಲ್ಲಿ ಇಡುತ್ತೀರಿ, ಯಾರು ತೆಗೆದುಕೊಡುತ್ತಾರೆ ಎಂದು ಬರೆದಿಡಿ.

ಇವತ್ತು ಬೆಳಿಗ್ಗೆ ಸಾಬೂನು ತೆಗೆದು ಅತ್ತೆಯ ಕೈಗಿಟ್ಟೆ. ಮೂಸಿದರು. ಗೋಡೆ ಹಿಡಿದು ಬಚ್ಚಲಿಗೆ ಹೋಗಿ, ನನಗೆ ಬೆನ್ನು ಮಾಡಿ ಮಣೆಯ ಮೇಲೆ ಕೂತರು. ನಾನು ಸಾಬೂನು ಹಚ್ಚತೊಡಗಿದೆ. ಇಷ್ಟು ವರ್ಷ ಸಾವಂತ್ರಿ ಎಂದೇ ನನ್ನನ್ನು ಕರೆದವರು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಕೂಗಿದರು: “ಯವ್ವಾ, ಕಣ್ಣಾಗ ಹೋಗ್ತೈತಿ, ಲಗೂನ ನೀರ ಹಾಕು!”

“ಹಾಕ್ತೀನಿ ಮಗಳ, ಕಣ್ಣ ತೆರೀಬ್ಯಾಡ” ಎಂದೆ.

ಸಾವಂತ್ರವ್ವ ಹೂಗಾರ