ನೀರೂ ಕುಡಿಯಕೂಡದು

೫-೧-೧೯೬೪, ರವಿವಾರ. ಹೆಬಳೆ

ಸ್ಟೆನ್ಸಿಲ್ ಕೊರೆದು ಮುಗಿಯಿತು. ಎರಡು ಪುಟ. ಬೆರಳೆಲ್ಲ ಶಾಯಿ. ‘ಕಿಮ್ಮತ್ತು ವಾರ್ತೆ’ಯ ಜನವರಿ ಸಂಚಿಕೆ ನಾಳೆ ಟಪಾಲಿಗೆ.

ಮನೆ-ಜಮೀನಿಗೆ ಬೆಲೆ ಕಟ್ಟುವವರು ನಾವು ಹನ್ನೊಂದು ಜನ, ಭಟ್ಕಳ, ಹೊನ್ನಾವರ, ಕುಮಟೆ ಮೂರೂ ತಾಲೂಕು ಸೇರಿ. ಅದಕ್ಕೊಂದು ಸಂಘ, ಒಂದು ರಬ್ಬರ್ ಸ್ಟ್ಯಾಂಪು. ಹನ್ನೊಂದರಲ್ಲಿ ಕೆಲಸ ಬಲ್ಲವನು ಒಬ್ಬ. ಅವನೇ ಕಾರ್ಯದರ್ಶಿ, ಅವನೇ ಸಂಪಾದಕ, ರವಿವಾರ ಕೂತು ಸ್ಟೆನ್ಸಿಲ್ ಕೊರೆಯುವವನೂ ಅವನೇ. ಉಳಿದ ಹತ್ತು ಜನ ವರ್ಷಕ್ಕೊಮ್ಮೆ ಫೋಟೋಕ್ಕೆ ನಿಲ್ಲುತ್ತಾರೆ.

ಈ ಸಲದ ‘ತಪ್ಪಿದ ಅಳತೆ’ ಅಂಕಣ ಚೆನ್ನಾಗಿ ಬಂತು. ಹೊನ್ನಾವರದ ಬೊಮ್ಮಯ್ಯ ಬಣ್ಣ ಬಳಿದ ಹಲಸಿನ ದಾರಂದ ನೋಡಿ ಸಾಗುವಾನಿ ಎಂದು ವರದಿ ಕೊಟ್ಟಿದ್ದ. ಉಗುರಿನಿಂದ ಒಮ್ಮೆ ಕೆರೆದಿದ್ದರೆ ಸಾಕಿತ್ತು. ಹೆಸರು, ಊರು ಸಮೇತ ಹಾಕಿದ್ದೇನೆ. ಅಧ್ಯಕ್ಷ ಪಾಂಡು ಶಾನಭಾಗರ ಕಾರ್ಡು ಬಂದಿತ್ತು, “ತಪ್ಪು ಬರೆಯಿರಿ, ಹೆಸರು ಬೇಡ.” ಹೆಸರಿಲ್ಲದಿದ್ದರೆ ಅದು ಪಾಠವಲ್ಲ, ಪುರಾಣ. ಕಾರ್ಡು ಒಲೆಗೆ ಹಾಕಿದೆ.

ನಾಗಮ್ಮ ಪ್ರತಿ ಓದಿದಳು. “ಅನ್ನ ಕೊಡೂ ಕೆಲ್ಸ ಅದು ಅವ್ರಿಗೆ. ಹೆಸ್ರು ಹಾಕೂದು ಬೇಕಿತ್ತಾ?” ಅಂದಳು. ಹೆಂಗಸರಿಗೆ ಶಿಸ್ತು ಅರ್ಥವಾಗುವುದಿಲ್ಲ.

೧೨-೧-೬೪, ರವಿವಾರ

ಹೊನ್ನಾವರದ ಶಾಲೆಯ ಕೋಣೆಯಲ್ಲಿ ಸಭೆ. ಬಂದವರು ಆರು ಜನ. ಬೊಮ್ಮಯ್ಯ ಇಲ್ಲ. ಬಾರದಿದ್ದರೆ ಬಿಡಲಿ.

ಅಘನಾಶಿನಿ ಹೊಳೆಯ ದಂಡೆಯಲ್ಲಿ ಮೀನಿನ ಧಕ್ಕೆಗೆ ಹೊಸ ರಸ್ತೆ. ಭೂಸ್ವಾಧೀನದ ಸಾಹೇಬರು ಸಂಘದಿಂದ ವರದಿ ಕೇಳಿದ್ದಾರೆ. ಸಂಘಕ್ಕೆ ಇಂಥ ಕೆಲಸ ಬಂದದ್ದು ಇದೇ ಮೊದಲು. ಎಂಟು ಮನೆ, ಒಂದು ಗಜನಿ. ಮನೆಗಳನ್ನು ಹಂಚಿದ ಮೇಲೆ ಪಾಂಡು ಕನ್ನಡಕ ಒರೆಸುತ್ತ ಹೇಳಿದ, “ದೇವಪ್ಪನವರೇ, ನೀವು ಮನೆ ನೋಡ್ದವ್ರು. ಗಜನಿ ನಂಗೆ ಬಿಡಿ.”

ಎಲ್ಲರ ಎದುರು. ಮೂವತ್ತು ವರ್ಷ ಪಿ.ಡಬ್ಲ್ಯು.ಡಿ. ಓವರ್‌ಸಿಯರ್ ಆಗಿದ್ದವನಿಗೆ.

ಗಜನಿ ಎಂದರೆ ಏನು ಮಹಾ? ಹೊಳೆಯ ಪಕ್ಕದ ತಗ್ಗು. ಒಡ್ಡು ಕಟ್ಟಿ ಉಪ್ಪುನೀರು ತಡೆದು ಮಳೆಗಾಲದಲ್ಲಿ ಭತ್ತ ಹಾಕುತ್ತಾರೆ. ಒಡ್ಡು ಇದ್ದರೆ ಗದ್ದೆ, ಇಲ್ಲದಿದ್ದರೆ ಹೊಳೆ. ಇಷ್ಟಕ್ಕೆ ಪಂಡಿತರು ಬೇಕೆ? ಗಜನಿ ನಾನೇ ನೋಡುತ್ತೇನೆ ಎಂದು ಪುಸ್ತಕದಲ್ಲಿ ಬರೆಸಿದೆ.

ಹೊರಡುವಾಗ ಕುಮಟೆಯ ವೆಂಕಟ ಪಕ್ಕಕ್ಕೆ ಕರೆದ. ಇವನು ಅಳೆಯುವುದಕ್ಕಿಂತ ಆಡುವುದು ಹೆಚ್ಚು, ಆದರೆ ಸುದ್ದಿ ಸುಳ್ಳಿರುವುದಿಲ್ಲ. ಹೋದ ತಿಂಗಳು ಪಾಂಡು ಒಂದು ಗಜನಿಗೆ ಬೆಲೆ ಕಟ್ಟಲು ಹೋದವ, ಆ ಮನೆಯ ಜಗಲಿಯಲ್ಲೇ ಮೂರು ತಾಸು ಕೂತಿದ್ದನಂತೆ. ಎರಡು ಸಲ ಚಾ. ಒಮ್ಮೆ ಅವಲಕ್ಕಿ.

ಏಳನೇ ನಿಯಮ: ಬೆಲೆ ಕಟ್ಟಲು ಹೋದ ಮನೆಯಲ್ಲಿ ಸದಸ್ಯನು ನೀರೂ ಕುಡಿಯಕೂಡದು. ಬರೆದವನು ನಾನು, ಕೆಳಗೆ ಸಹಿ ಹಾಕಿದವನು ಪಾಂಡು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ಇವನದು ಅವಲಕ್ಕಿಗೆ ಹೋಯಿತು.

೨೮-೧-೬೪, ಮಂಗಳವಾರ

ಹುಣ್ಣಿಮೆ. ನಾಗಮ್ಮನಿಗೆ ಒಪ್ಪತ್ತು. ನನಗೂ ಫಲಾಹಾರವೇ ಗತಿ. ನಾಳೆ ಮೊದಲ ಬಸ್ಸಿಗೆ ಕುಮಟೆ. ಟೇಪು, ಫೀಲ್ಡ್ ಬುಕ್, ಕೊಡೆ, ಫ್ಲಾಸ್ಕು. ನೀರು ನಮ್ಮನೆಯದೇ.

೨೯-೧-೬೪, ಬುಧವಾರ. ಕುಮಟೆ ಬಸ್ ಸ್ಟ್ಯಾಂಡು, ಮಧ್ಯಾಹ್ನ ೧-೩೦

ಬೇಗ ಮುಗಿಯಿತು. ಸ್ಥಳ ಮುಟ್ಟಿದ್ದು ಹನ್ನೊಂದಕ್ಕೆ. ಗಜನಿಯೂ ಇಲ್ಲ, ಗಿಜನಿಯೂ ಇಲ್ಲ. ಕಣ್ಣು ಹಾಯುವವರೆಗೆ ನೀರು. ಹೊಳೆ ಎಲ್ಲಿ ಮುಗಿಯುತ್ತದೆ, ಜಮೀನು ಎಲ್ಲಿ ಶುರು, ಗೊತ್ತಾಗುವುದಿಲ್ಲ. ಒಡ್ಡು ಕಾಣಲಿಲ್ಲ. ನಾಲ್ಕು ಗೂಟದ ತಲೆ ಮಾತ್ರ, ಒಂದರ ಮೇಲೆ ಬೆಳ್ಳಕ್ಕಿ.

ಜಮೀನಿನವಳು ಲಕ್ಕಿ, ಹಾಲಕ್ಕಿ ಹೆಂಗಸು. ಗಂಡ ಹಮ್ಮ ದುಡಿದು ತನ್ನ ಹೆಸರಿಗೆ ಮಾಡಿಸಿಕೊಂಡ ಒಂದೂಕಾಲು ಎಕರೆಯಂತೆ. ಅವನು ತೀರಿ ಎರಡು ವರ್ಷ. ಅವಳಿಗೆ ಬೇರೆ ಜಮೀನಿಲ್ಲ. ಕೊರಳ ತುಂಬ ಮಣಿಸರ, ಕೈಯಲ್ಲಿ ಚೆಂಬು, ಬೆಲ್ಲ. ತಕ್ಷಣ ಎಚ್ಚರವಾದೆ.

“ಬಿಸಲಲ್ಲಿ ಬಂದಿದ್ರಿ ಒಡಿಯಾ. ನೀರು ಕುಡಿನಿ, ಕೂತ್ಕಣಿ. ಊಟದ ಹೊತ್ತು ಕಳದ್ರೆ ಹೊಳೆ ಇಳೀತದೆ. ಒಡ್ಡು ತೋರಸ್ತೆ, ಗದ್ದೆ ತೋರಸ್ತೆ.”

“ಬೇಡ,” ಅಂದೆ. “ಇದ್ದದ್ದನ್ನು ಬರೆದುಕೊಳ್ಳುತ್ತೇನೆ.”

“ಕಗ್ಗ ಭತ್ತ ಬೆಳೂ ಗದ್ದೆ ಒಡಿಯಾ ಇದು. ಹಂಗೆ ಹೋಗೂಕಾಗ.”

ಕೂರಿಸುವುದು, ಕುಡಿಸುವುದು, ಆಮೇಲೆ ಕೈ ಮುಗಿಯುವುದು. ಈ ದಾರಿ ನನಗೆ ಗೊತ್ತಿಲ್ಲದ್ದೇ? ಪಾಂಡುವಾಗಿದ್ದರೆ ಕೂತೇ ಬಿಡುತ್ತಿದ್ದ. ನಾನು ಫ್ಲಾಸ್ಕಿನ ನೀರು ಕುಡಿದು, ಅರ್ಧ ಗಂಟೆಯಲ್ಲಿ ಹೊರಟೆ. ಅವಳು ಚೆಂಬು ಹಿಡಿದುಕೊಂಡೇ ನಿಂತಿದ್ದಳು.

೧-೨-೬೪, ಶನಿವಾರ

ವರದಿ ಹೋಯಿತು. “ಒಡ್ಡಿಲ್ಲ. ಉಪ್ಪುನೀರು ನಿಂತ ಪಾಳು. ಸಾಗುವಳಿಯ ಕುರುಹಿಲ್ಲ.” ಸ್ಟ್ಯಾಂಪು ಹೊಡೆದೆ. ಸ್ವಲ್ಪ ಸೊಟ್ಟಗೆ ಬಿತ್ತು, ಅಡ್ಡಿಯಿಲ್ಲ. ಪಾಳಿಗೆ ಸರಕಾರ ಕೊಡುವ ದರ ಗದ್ದೆಯ ದರದ ಹತ್ತರಲ್ಲಿ ಒಂದು ಪಾಲೂ ಅಲ್ಲ. ಅದಕ್ಕೆ ನಾನೇನು ಮಾಡಲಿ? ನೀರಿಗೆ ಗದ್ದೆಯ ಬೆಲೆ ಕಟ್ಟುವುದು ಪಾಂಡುವಿನ ಕಸಬು.

ಅವನ ಮೇಲಿನ ಠರಾವಿನ ಕರಡು ತಯಾರು. “ಮೂರು ತಾಸು ಕೂತು, ಚಾ, ಅವಲಕ್ಕಿ ಸೇವಿಸಿ, ಏಳನೇ ನಿಯಮವನ್ನು ಮುರಿದ ಅಧ್ಯಕ್ಷರು...” ಓದಿದಷ್ಟೂ ಸೊಗಸಾಗಿದೆ. ಮಾರ್ಚಿ ಸಭೆಯಲ್ಲಿ ತರುತ್ತೇನೆ.

೯-೨-೬೪, ರವಿವಾರ

ಸಂಘದ ವಾರ್ಷಿಕ ಪ್ರವಾಸ, ಅಪ್ಸರಕೊಂಡಕ್ಕೆ. ಅಬ್ಬಿಯಲ್ಲಿ ನೀರು ಬಚ್ಚಲಿನ ನಳಿಗೆಯಷ್ಟು. ಒಂಬತ್ತು ಜನ, ಒಂದು ಬುಟ್ಟಿ ಬಾಳೆಹಣ್ಣು, ಅಧ್ಯಕ್ಷರ ಉಪನ್ಯಾಸ. ವಿಷಯ ಗಜನಿ. ಬೇಕೆಂದೇ ಇಟ್ಟದ್ದು. ನಾನು ಅವನಿಗೆ ಬೆನ್ನು ಹಾಕಿ ಬಂಡೆಯ ಮೇಲೆ ಕೂತೆ. ಕಿವಿಗೆ ಬೆನ್ನಿಲ್ಲವಲ್ಲ.

“ಗಜನಿಗೆ ಹೋಗುವವ ಪಂಚಾಂಗ ನೋಡಿ ಹೋಗ್ಬೇಕು,” ಅಂದ. “ಹುಣ್ಣಿಮೆ, ಅಮಾಸೆ ಬುಡಕ್ಕೆ ಹನ್ನೊಂದು ಗಂಟಿಗೆ ಪೂರಾ ಭರತ, ಹೊಳೆ ಉಬ್ಬಿ ನಿಂತಿರ್ತದೆ. ಬೇಸಿಗೆಲಿ ಶೆಟ್ಲಿ, ಸಿಗಡಿ ಹಿಡೂಕೆ ಅವ್ರೇ ಒಡ್ಡಿನ ಬಾಗಿಲು ತೆಗೆದು ನೀರು ಬಿಟ್ಟಿರ್ತಾರೆ. ಒಡ್ಡು ತಗ್ಗಿದ್ರೆ ಅದೂ ಮುಳಗ್ತದೆ. ಆಗ ನೋಡ್ದವ ಸಮುದ್ರ ಬರ್ಕೊಂಡು ಬರ್ತಾನೆ. ನೀರು ಇಳೂವರಿಗೆ ಕೂರೂದೇ. ಬೇರೆ ದಾರಿ ಇಲ್ಲೆ.”

ಎಲ್ಲ ನಕ್ಕರು. ಯಾರೂ ನನ್ನ ಕಡೆ ನೋಡಲಿಲ್ಲ. ಪಾಂಡುವೂ ನೋಡಲಿಲ್ಲ.

ಬಾಳೆಹಣ್ಣು ಸರಿ ಹಣ್ಣಾಗಿರಲಿಲ್ಲ.

೧೦-೨-೬೪

ತಲೆನೋವು. ಗೋಡೆಯ ಪಂಚಾಂಗದಲ್ಲಿ ಜನವರಿ ಹಾಳೆ ತೆಗೆದಿರಲಿಲ್ಲ. ತೆಗೆದೆ.

೧೯-೨-೬೪, ಬುಧವಾರ

ವೆಂಕಟನ ಕಾರ್ಡು. ಕುಮಟೆಯ ಸುದ್ದಿ ಎಲ್ಲ ಬರೆದು ಕೊನೆಗೆ, ಜಾಗ ಸಾಲದೆ, ಅಂಚಿನಲ್ಲಿ: “ನಿಮ್ಮ ಲಕ್ಕಿ ಕಚೇರಿಯ ಜಗಲಿಯಲ್ಲಿ ಮೂರು ದಿನದಿಂದ ಕೂತಿದ್ದಾಳೆ. ಕೈಯಲ್ಲಿ ಒಂದು ಹಿಡಿ ಭತ್ತದ ತೆನೆ. ಬಂದವರಿಗೆಲ್ಲ ತೋರಿಸುತ್ತಾಳೆ. ಸಂಘದ ವರದಿ ಬಂದ ಮೇಲೆ ತೆನೆ ಯಾರು ನೋಡುತ್ತಾರೆ?”

ನಿಮ್ಮ ಲಕ್ಕಿಯಂತೆ. ಬೇಕೆಂದೇ ಬರೆದಿದ್ದಾನೆ.

ಪಂಚಾಂಗ ನೋಡಿದೆ. ಶುಕ್ರವಾರ ನಡುಹಗಲಿಗೆ ಇಳಿತ.

೨೧-೨-೬೪, ಶುಕ್ರವಾರ

ಹೋದೆ. ನಾಗಮ್ಮನಿಗೆ ಸಂತೆಗುಳಿಯಲ್ಲಿ ಒಂದು ಮನೆ ನೋಡುವುದಿದೆ ಎಂದೆ. ಸುಳ್ಳು.

ಒಡ್ಡು ಇದೆ. ಸೊಂಟದೆತ್ತರ, ಒಂದು ಕಡೆ ಹೋದ ಮಳೆಗಾಲದಲ್ಲಿ ಕುಸಿದು ಮಂಡಿಯಷ್ಟಾಗಿದೆ. ಗೂಟ ಹೊಡೆದು, ಮಣ್ಣು ಮೆತ್ತಿ, ಕಲ್ಲು ಹೇರಿ ಮುಚ್ಚುತ್ತ ಬಂದಿದ್ದಾರೆ. ಬೆಳ್ಳಕ್ಕಿ ಕೂತಿದ್ದು ಆ ಗೂಟದ ಮೇಲೆ. ನೀರು ಬಿಡಲು ಹಲಗೆಯ ಬಾಗಿಲು, ಎರಡು ಹಲಗೆ ಹೊಸದು. ಒಳಗೆ ಕೆಸರಿನಲ್ಲಿ ಕೊಯ್ದ ಭತ್ತದ ಕೂಳೆ, ಸಾಲು ಸಾಲಾಗಿ, ಈ ತುದಿಯಿಂದ ಆ ತುದಿ. ಟೇಪು ಹಿಡಿದೆ. ಒಬ್ಬನೇ, ಮಂಡಿವರೆಗೆ ಕೆಸರು. ಒಂದೂಕಾಲು ಎಕರೆಗೆ ಎರಡು ಗುಂಟೆ ಹೆಚ್ಚೇ ಬಂತು.

ಗದ್ದೆ. ಒಳ್ಳೆಯ ಗದ್ದೆ. ಒಂದು ಚೆಂಬು ನೀರು ಕುಡಿದು ಜಗಲಿಯಲ್ಲಿ ಕೂತಿದ್ದರೆ ಅವತ್ತೇ ಕಾಣುತ್ತಿತ್ತು.

ಲಕ್ಕಿ ಬಾಗಿಲ ಹತ್ತಿರ ಬಲೆ ಕೊಡವುತ್ತಿದ್ದಳು. ನೋಡಿದಳು, ಏಳಲಿಲ್ಲ.

“ಈಗ ಕಾಂತದಾ ಒಡಿಯಾ?”

“ಕಾಣುತ್ತದೆ.”

“ಅವತ್ತೇ ಕೂತ್ಕಣಿ ಅಂದೆ.”

ಬಿಸಿಲು, ಉಪ್ಪುಗಾಳಿ. ಫ್ಲಾಸ್ಕು ಮನೆಯಲ್ಲೇ ಬಿಟ್ಟು ಬಂದಿದ್ದೆ. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಅವಳಿಗೆ ಗೊತ್ತಾಯಿತು.

“ನೀವು ನಮ್ಮನಿ ನೀರು ಕುಡೂದಿಲ್ಲ ಅಲ್ದಾ,” ಅಂದಳು. ಸಿಟ್ಟಿನಿಂದ ಅಲ್ಲ. ಬಲೆಯಲ್ಲಿದ್ದ ಶೆಟ್ಲಿ ಬುಟ್ಟಿಗೆ ಸುರಿದುಕೊಂಡು ಹೋದಳು.

ಹೆದ್ದಾರಿಯವರೆಗೆ ನಡೆದು ಬಂದು ಅಂಗಡಿಯಲ್ಲಿ ಸೋಡಾ ಕುಡಿದೆ. ನಾಚಿಕೆಯಾಯಿತು. ಬರೆದಿಡುತ್ತೇನೆ, ಯಾರು ಓದುತ್ತಾರೆ.

೨೪-೨-೬೪, ಸೋಮವಾರ

ಹೊಸ ವರದಿ ಬರೆದೆ. ಹನ್ನೊಂದನೇ ನಿಯಮ: ಸದಸ್ಯನು ಕೊಟ್ಟ ವರದಿಯನ್ನು ಬದಲಿಸಲು ಅಧ್ಯಕ್ಷರ ಸಹಿ ಬೇಕು. ಇದನ್ನೂ ಬರೆದವನು ನಾನೇ. ನನ್ನ ನಿಯಮಗಳೆಲ್ಲ ಒಂದೊಂದಾಗಿ ನನ್ನನ್ನು ಹುಡುಕಿಕೊಂಡು ಬರುತ್ತಿವೆ.

ಶರಾವತಿ ದಾಟುವ ತಾರಿ ದೋಣಿಯಲ್ಲಿ ಬೊಮ್ಮಯ್ಯ ಸಿಕ್ಕ. ಓಡಲು ಜಾಗವಿಲ್ಲ, ಸುತ್ತ ಹೊಳೆ. ಈಗ ಯಾರೂ ಮನೆ ತೋರಿಸಲು ಕರೆಯುವುದಿಲ್ಲವಂತೆ. ಅಕ್ಕಿ ಮಂಡಿಯಲ್ಲಿ ಚೀಟಿ ಬರೆಯುತ್ತಾನೆ. “ವಾರ್ತೆ ಪ್ರತಿ ತಿಂಗಳೂ ಬತ್ತದೆ. ಅಕ್ಷರ ಚೆನ್ನಾಗಿ ಮೂಡ್ತದೆ ನಿಮ್ದು,” ಅಂದ. ಅಷ್ಟೇ. ಬೈದಿದ್ದರೆ ಒಳ್ಳೆಯದಿತ್ತು.

ಪಾಂಡುವಿನ ಮನೆ. ಚಾ ತರಿಸಿದ. ಬೇಡ ಎಂದೆ. “ಇದು ನನ್ನ ಮನೆ, ಇದಕ್ಕೆ ನೀವು ಬೆಲೆ ಕಟ್ಟೂಕೆ ಬರ್ಲಿಲ್ಲ,” ಅಂದ. ಕುಡಿದೆ. ಸಕ್ಕರೆ ಜಾಸ್ತಿ.

ವರದಿ ಓದಿದ. ಎರಡು ಸಲ. ನಾನೇ ಬಾಯಿ ಬಿಟ್ಟು ಕೇಳಿದೆ, “ಆ ಗಜನಿಯ ಮನೆಯಲ್ಲಿ ಮೂರು ತಾಸು ಕೂತದ್ದು...”

“ನೀರು ಇಳೂವರಿಗೆ ಎಂತ ಮಾಡ್ಲಿ ಮತ್ತೆ? ಚಾ ಕೊಟ್ರು, ಕುಡ್ದೆ. ನಿಮ್ಮ ನಿಯಮ ಮುರೀತು. ಹೌದು. ಠರಾವು ತನ್ನಿ, ನಾನೇ ಕೈ ಎತ್ತತೆ.”

ಠರಾವಿನ ವಿಷಯ ಇವನಿಗೂ ಗೊತ್ತು. ವೆಂಕಟ ಎರಡೂ ಮನೆಯ ಬೆಕ್ಕು.

ಸಹಿ ಮಾಡಿದ. ‘ವಾರ್ತೆ’ಯಲ್ಲಿ ಏನು ಹಾಕುವುದು ಎಂದು ಕೇಳಿದೆ. “ಸಂಪಾದಕರು ನೀವು. ಹೆಸ್ರು ಹಾಕೂದು ಬಿಡೂದು ನಿಮ್ಗೆ ಬಿಟ್ಟದ್ದು,” ಅಂದ. ಒಂದು ಶರತ್ತು ಹಾಕಿದ್ದರೆ ಜಗಳವಾಡಿ ಎದ್ದು ಬರಬಹುದಿತ್ತು. ಇವನನ್ನು ಮೊದಲಿಗಿಂತ ಹೆಚ್ಚು ದ್ವೇಷಿಸುತ್ತೇನೆ.

೧-೩-೬೪, ರವಿವಾರ

ಠರಾವು ಹರಿದೆ. ಸಣ್ಣ ಸಣ್ಣ ಚೂರು.

ನಿನ್ನೆ ಸಾಹೇಬರ ಪತ್ರ ಬಂತು. ಒಂದೇ ಸಂಘ, ಒಂದೇ ಸ್ಟ್ಯಾಂಪು, ಒಂದೇ ಸಹಿ, ಎರಡು ವರದಿ. ಒಂದರಲ್ಲಿ ಪಾಳು, ಒಂದರಲ್ಲಿ ಗದ್ದೆ. ಮೊದಲಿನದು ಏಕೆ ತಪ್ಪಿತು, ತಪ್ಪಿದವರು ಯಾರು, ಸಂಘ ಅದನ್ನು ಬಹಿರಂಗವಾಗಿ ಹಿಂದೆಗೆದುಕೊಂಡಿದೆಯೆ? ಅಚ್ಚಾದ ಪುರಾವೆ ಹತ್ತನೇ ತಾರೀಕಿನೊಳಗೆ ಬೇಕು. ಇಲ್ಲದಿದ್ದರೆ ಮೊದಲಿನ ವರದಿಯೇ ಖಾಯಂ.

ಅಂದರೆ ‘ತಪ್ಪಿದ ಅಳತೆ’. ಮೂರು ತಾಲೂಕಿನ ವಕೀಲರು, ಸಾವಕಾರರು, ಎರಡು ಬ್ಯಾಂಕು, ಎಲ್ಲ ಓದುವ ಕಾಗದ. ಇನ್ನು ಯಾವ ಮನೆಗೆ ಟೇಪು ಹಿಡಿದು ಹೋಗಲಿ? ಯಾರು ಕರೆಯುತ್ತಾರೆ?

ಪತ್ರ ನಾಗಮ್ಮನ ಕೈಗೆ ಕೊಟ್ಟೆ. ನಿಧಾನವಾಗಿ ಓದಿದಳು. ಸಂತೆಗುಳಿಯ ಸುಳ್ಳು ಎತ್ತಲಿಲ್ಲ.

“ಹೆಸ್ರಿಲ್ದಿದ್ರೆ ಪುರಾಣ ಅಂತಿದ್ರಿ ನೀವು,” ಅಂದಳು. ಪತ್ರ ಮಡಚಿ ಕೊಡುತ್ತ, “ಪಾಪ, ಅವಳಿಗೆ ಬೇರೆ ಗದ್ದೆ ಇಲ್ಲ ಅಲ್ದಾ?”

ಉಣ್ಣಲು ಮನಸ್ಸಾಗಲಿಲ್ಲ.

೪-೩-೬೪, ಬುಧವಾರ

ಏನೂ ಬರೆದಿಲ್ಲ. ಸಭೆಯ ವರದಿ, ಅಪ್ಸರಕೊಂಡದ ಪ್ರವಾಸ, ಅಧ್ಯಕ್ಷರ ಉಪನ್ಯಾಸ, ಇಷ್ಟೆಲ್ಲ ಸ್ಟೆನ್ಸಿಲ್ಲಿಗೆ ಹತ್ತಿತು. ಉಪನ್ಯಾಸ ಪೂರಾ ಹಾಕಿದೆ, ಒಂದು ಶಬ್ದ ಬಿಡದೆ. ಎರಡನೇ ಪುಟದ ಕೆಳಗೆ ಆರು ಗೆರೆಯ ಜಾಗ ಖಾಲಿ.

೬-೩-೬೪, ಶುಕ್ರವಾರ

ಇವತ್ತು ಟಪಾಲಿಗೆ ಹೋದರೆ ಹತ್ತಕ್ಕೆ ಮುಟ್ಟೀತು. ನಾಗಮ್ಮ ಮೇಜಿನ ಮೇಲೆ ಒಂದು ಚೆಂಬು ನೀರು ಇಟ್ಟು ಹೋಗಿದ್ದಾಳೆ.

ಮೊದಲು “ಒಬ್ಬ ಸದಸ್ಯರು” ಎಂದು ಕೊರೆದೆ. ಕೆಂಪು ದ್ರವ ಹಚ್ಚಿ ಅಳಿಸಿದೆ. ಆಮೇಲೆ “ಸಂಘದ ಹಿರಿಯ ಸದಸ್ಯರೊಬ್ಬರು.” ಥೂ. ಹಿರಿಯನಂತೆ. ಅದನ್ನೂ ಅಳಿಸಿದೆ. ಬೊಮ್ಮಯ್ಯನದಕ್ಕೆ ಇಷ್ಟು ದ್ರವ ಬೇಕಾಗಿರಲಿಲ್ಲ. ಒಂದೇ ಉಸಿರಿಗೆ ಕೊರೆದಿದ್ದೆ.

ಮೊದಲು ಇಲ್ಲಿ ಬರೆದು ನೋಡುತ್ತೇನೆ. ಆಮೇಲೆ ಅಲ್ಲಿ.

ತಪ್ಪಿದ ಅಳತೆ. ಅಘನಾಶಿನಿ ದಂಡೆಯ ಲಕ್ಕಿ ಕೋಂ ಹಮ್ಮ ಗೌಡ ಇವರ ಗಜನಿ, ಬೆಳೆಯುವ ಗದ್ದೆ. ಜನವರಿ ೨೯ರಂದು, ಹುಣ್ಣಿಮೆಯ ಮರುದಿನ, ಹನ್ನೊಂದು ಗಂಟೆಯ ಭರತದಲ್ಲಿ ಅರ್ಧ ಗಂಟೆ ನಿಂತು ನೋಡಿ, ನೀರು ಇಳಿಯುವ ತನಕ ಕೂರಿರೆಂದು ಹೇಳಿದರೂ ಕೂರದೆ, ಪಾಳು ಎಂದು ವರದಿ ಕೊಟ್ಟವರು ಭಟ್ಕಳ ತಾಲೂಕು ಹೆಬಳೆಯ ಶ್ರೀ ದೇವ...