ಟೋಪಿ ಬೇಡವೆಂದೆ

ಅಮ್ಮಾ,

ಇವತ್ತು ಪ್ರತಿಭಟನೆಗೆಂದು ಎಲ್ಲರೆದುರು ತಲೆ ಬೋಳಿಸಿಕೊಂಡೆ. ಇಂಚನ್ ನಗರದ ಶಾಲೆಗಳಲ್ಲಿ ಅಡುಗೆ ಮಾಡುವ ನಮ್ಮ ಹೆಂಗಸರ ಶ್ವಾಸಕೋಶ ಎಣ್ಣೆಹೊಗೆಗೆ ಹಾಳಾಗುತ್ತಿದೆ. ಹೊಗೆ ಹೊರಹಾಕುವ ಫ್ಯಾನು ಹಾಕಿಸಿ ಎಂದರೆ ಅಧಿಕಾರಿಗಳು ನಮ್ಮ ಕಾರ್ಮಿಕ ಸಂಘದ ಜೊತೆ ಮಾತಿಗೇ ಬರುತ್ತಿರಲಿಲ್ಲ. ಮಷೀನು ಹಿಡಿದವಳು ನಿನ್ನ ವಿಗ್ ಕಾರ್ಖಾನೆಯ ಗೆಳತಿ, ಸುನಿಮ್ ಚಿಕ್ಕಮ್ಮ.

"ಅಲ್ಲಾಡ್ಬೇಡ್ವೇ, ಕಿವಿ ಹೋದೀತು! ನಿಮ್ಮಮ್ಮನೇ ವಾಸಿ, ಬಂಡೆ ಥರ ಕೂತಿದ್ಲು."

"ಅಮ್ಮನೂ ಬೋಳಿಸ್ಕೊಂಡಿದ್ಲಾ?"

"ಮತ್ತೆ? ಸಂಘ ಕಟ್ಟಿದ್ದಕ್ಕೆ ನಮ್ಮನ್ನೆಲ್ಲ ಹೊರಗೆ ಹಾಕಿದ್ರಲ್ಲ, ಆಗ. ಗೇಟಿನ ಮುಂದೆ ನಾನೇ ಬೋಳ್ಸಿದ್ದು."

ನಾನು ಮೊದಲ ಸಲ ಶಾಲೆಗೆ ಹೋದ ವರ್ಷ ನೀನು ಸದಾ ತಲೆಗೆ ಹೂವಿನ ಬಟ್ಟೆ ಕಟ್ಟಿರುತ್ತಿದ್ದೆ. ಕೇಳಿದರೆ ಬಿಸಿಲಿಗೆ ಅಂದಿದ್ದೆ. ಆಗ ಚಳಿಗಾಲ.

ಅಧಿಕಾರಿಗಳು ಕೊನೆಗೂ ನಾಳೆ ಮಾತಿಗೆ ಕರೆದಿದ್ದಾರೆ. ಚಿಕ್ಕಮ್ಮ ಉಣ್ಣೆಟೋಪಿ ಕೊಡಲು ಬಂದಳು, ಬೇಡವೆಂದೆ. ನನ್ನ, ನಿನ್ನ ಇಬ್ಬರ ತಲೆಯನ್ನೂ ಅವರು ನೋಡಲಿ.