ಗೇಟಿನ ಬಳಿಯ ಕೆಮ್ಮು

ಅಪ್ಪ,

ನೀವು ಹೋದ ಮೇಲೆ ಅಮ್ಮನಿಗೆ ಧಾರಾವಾಹಿಯ ಹುಚ್ಚು ಹಿಡಿದಿದೆ. ಅದೂ ಪೊಲೀಸರ ಮನೆಯ ಕಥೆ. ನಿನ್ನೆಯ ಕಂತಿನಲ್ಲಿ ಇನ್ಸ್‌ಪೆಕ್ಟರ್ ಡ್ಯೂಟಿ ಮುಗಿಸಿ ಮನೆಗೆ ಬಂದ. ಬೂಟಿನ ಸದ್ದು ಕೇಳಿದ್ದೇ ತಡ, ಟೀವಿ ನೋಡುತ್ತ ನಗುತ್ತಿದ್ದ ಮಕ್ಕಳು ಅದನ್ನು ಆರಿಸಿ ಪುಸ್ತಕ ಹಿಡಿದು ಕೂತರು. ಇಷ್ಟಕ್ಕೇ ವೀಕ್ಷಕರು ರಾದ್ಧಾಂತ ಮಾಡಿದ್ದಾರೆ. ಅವರ ಅಭಿಪ್ರಾಯಗಳನ್ನು ಫೋನಿನಲ್ಲಿ ಅಮ್ಮನಿಗೆ ಓದಿ ಹೇಳುವ ಕೆಲಸ ನನ್ನದು.

‘ಇವನು ಅಪ್ಪನೋ, ಹುಲಿಯೋ?’ ಎಂದು ಒಬ್ಬರು ಕೇಳಿದ್ದಾರೆ. ‘ಯೂನಿಫಾರ್ಮನ್ನ ಸ್ಟೇಷನ್ನಲ್ಲೇ ಬಿಚ್ಚಿಟ್ಟು ಬಾರಯ್ಯ’ ಎಂದು ಇನ್ನೊಬ್ಬರು. ‘ಎಲ್ಲಾ ಬುರುಡೆ, ಯಾರ ಮನೇಲೂ ಹೀಗಿರಲ್ಲ’ ಎಂಬುದಕ್ಕೆ ಲೈಕೋ ಲೈಕು. ಅದರ ಕೆಳಗೆ ‘ನಮ್ಮ ಮನೇಲಿತ್ತು’ ಎಂದು ಬರೆದೆ. ಆಮೇಲೆ ಅಳಿಸಿದೆ.

“ಎಲ್ಲಾ ಸರಿಯಾಗೇ ತೋರ್ಸಿದಾರೆ ಕಣೇ. ಕೆಮ್ಮೋದೊಂದನ್ನ ಮರ್ತಿದಾರೆ,” ಅಂದಳು ಅಮ್ಮ.

ನೀವು ದಿನಾ ಗೇಟಿನ ಬಳಿ ಕೆಮ್ಮುತ್ತಿದ್ದಿರಲ್ಲ, ಅದು. ಟ್ರಾಫಿಕ್ ಡ್ಯೂಟಿಯೆಂದು ರಸ್ತೆಯಲ್ಲಿ ನಿಂತು ನಿಂತು ಗಂಟಲಿಗೆ ಧೂಳು ಹೊಕ್ಕಿರಬೇಕೆಂದೇ ನಾನೂ ಅಣ್ಣನೂ ನಂಬಿದ್ದೆವು. ಹಾಗೆಂದಾಗ ಅಮ್ಮ ನಕ್ಕಳು.

“ಧೂಳೂ ಇಲ್ಲ, ಮಣ್ಣೂ ಇಲ್ಲ. ನೀವು ಅಷ್ಟರೊಳಗೆ ಟೀವಿ ಆರಿಸ್ಕೊಳ್ಳಿ ಅಂತ ಬೇಕಂತಲೇ ಕೆಮ್ತಿದ್ರು. ಸಿಕ್ಕಿಬಿದ್ರೆ ಬೈಬೇಕಾಗತ್ತಲ್ಲ, ಅದಕ್ಕೆ.”

“ನಮಗೆ ಹೇಳ್ಬಾರ್ದಿತ್ತಾ?”

“ಹೇಳಿದ್ರೆ ಆಮೇಲೆ ನೀವು ಹೆದರ್ತಿದ್ರಾ?”

ಈ ಪತ್ರವನ್ನು ಯಾವ ವಿಳಾಸಕ್ಕೂ ಹಾಕುವಂತಿಲ್ಲ. ಆದರೂ ಒಂದು ಮಾತು. ಒಳಗೆ ಬಂದ ಕೂಡಲೇ ನೀವು ಟೋಪಿ ತೆಗೆದು ಟೀವಿಯ ಮೇಲೆ ಇಡುತ್ತಿದ್ದಿರಿ. ನಾವು ಪುಸ್ತಕದಿಂದ ತಲೆ ಎತ್ತುತ್ತಿರಲಿಲ್ಲ. ಟೀವಿ ಆಗಿನ್ನೂ ಬಿಸಿಯಾಗಿರುತ್ತಿತ್ತು.